ಟ್ಯೂನಾ ದೋಣಿಯಲ್ಲಿ ಬಾಳೆಹಣ್ಣು

ಗುರುಬಸಪ್ಪ ಸುಳ್ಳು ಹೇಳುವ ಮನುಷ್ಯನಲ್ಲ. ಇದನ್ನು ಅವನ ಹೆಂಡತಿ ರಚನಾ ಕೂಡ ಒಪ್ಪುತ್ತಾಳೆ, ಆದರೆ ಅವಳು ಕೊಡುವ ಕಾರಣ ಬೇರೆ: ಅವನಿಗೆ ಸುಳ್ಳು ಹೇಳಲು ಬರುವುದಿಲ್ಲ. ಹೇಳಲು ಹೋದರೆ ಕಿವಿ ಕೆಂಪಾಗುತ್ತವೆ, ಎಡಗೈ ತಾನಾಗಿಯೇ ಅಂಗಿಯ ಗುಂಡಿ ತಿರುವಲು ಶುರುಮಾಡುತ್ತದೆ. ಅಂಥವನು, ಗದಗಿನ ಹುಟ್ಟಾ ಸಸ್ಯಾಹಾರಿ, ಕೊರಳಲ್ಲಿ ಲಿಂಗ ಕಟ್ಟಿಕೊಂಡವನು, ಜರ್ಮನಿಯ ಶ್ವೀಬರ್ಡಿಂಗೆನ್ ಎಂಬ ಊರಿನ ಒಂದು ಮನೆಯ ಪಡಸಾಲೆಯಲ್ಲಿ ನಿಂತು, "ಮೀನು ಹಿಡಿಯುವುದೇ ನನ್ನ ಹವ್ಯಾಸ, ಅದರಲ್ಲೂ ಟ್ಯೂನಾ" ಎಂದುಬಿಟ್ಟ. ಬಾಯಿ ತನ್ನದೇ ಆಗಿದ್ದರೂ ಮಾತು ಯಾರದೆಂದು ಅವನಿಗೂ ಆ ಕ್ಷಣ ಗೊತ್ತಾಗಲಿಲ್ಲ.

ಹಾಗೆ ಅನ್ನಲು ಕಾರಣವೂ ಇತ್ತು. ಗುರುಬಸಪ್ಪ ಕಾರುಗಳ ಎಲೆಕ್ಟ್ರಾನಿಕ್ಸ್ ಪರೀಕ್ಷೆ ಮಾಡುವ ಎಂಜಿನಿಯರು. ಇದ್ದ ಬಾಡಿಗೆ ಮನೆಯ ಮಾಲೀಕಳು ವಸಂತದಲ್ಲಿ ಒಂದು ಕಾಗದ ಕಳಿಸಿ, ಮನೆ ತನ್ನ ಮಗನಿಗೇ ಬೇಕು, ಚಳಿಗಾಲದೊಳಗೆ ಖಾಲಿ ಮಾಡಿ ಎಂದಿದ್ದಳು. ಇದಕ್ಕೆ ಇಲ್ಲಿ ಐಗನ್‌ಬೆಡಾರ್ಫ್ ಅನ್ನುತ್ತಾರೆ. ಅದನ್ನು ಹೂಡಿದರೆಂದರೆ ಬಾಡಿಗೆಯವನು ಗಂಟುಮೂಟೆ ಕಟ್ಟುವುದೇ ಸರಿ. ಅಂದಿನಿಂದ ಗಂಡ ಹೆಂಡತಿ ನೋಡದ ಮನೆಯಿಲ್ಲ. ಬೆಸಿಷ್ಟಿಗುಂಗ್ ಎಂಬ ಈ ಮನೆ ನೋಡುವ ಶಾಸ್ತ್ರ ಹೆಣ್ಣು ನೋಡುವ ಶಾಸ್ತ್ರದಂತೆಯೇ, ಆದರೆ ಇಲ್ಲಿ ಒಂದೇ ಹೆಣ್ಣಿಗೆ ಬೀದಿಯುದ್ದಕ್ಕೂ ವರಗಳು ಸಾಲು ನಿಂತಿರುತ್ತವೆ. ಎಲ್ಲ ಮಾಲೀಕರೂ ಗುರುಬಸಪ್ಪನನ್ನು ನೋಡಿ ನಗುತ್ತಿದ್ದರು, ಮನೆಯಲ್ಲಿ ಅಡುಗೆ ಜಾಸ್ತಿ ಮಾಡುತ್ತೀರಾ ಎಂದು ಕೇಳುತ್ತಿದ್ದರು, ಆಮೇಲೆ ಮನೆಯನ್ನು ಬೇರೆಯವರಿಗೆ ಕೊಡುತ್ತಿದ್ದರು. ರಚನಾ ಈಗ ಒಗ್ಗರಣೆ ಹಾಕುವಾಗಲೂ ಕಳ್ಳತನ ಮಾಡುವವಳಂತೆ ಕಿಟಕಿಯತ್ತ ನೋಡುತ್ತಿದ್ದಳು. ಮಗಳು ಮೇಘಾ ಶಾಲೆಯಲ್ಲಿ ಎರಡು ವರ್ಷ ಬಾಯಿ ಬಿಡದೆ ಕೂತಿದ್ದವಳು, ಈಗಷ್ಟೇ ಒಬ್ಬ ಗೆಳತಿಯನ್ನು ಸಂಪಾದಿಸಿದ್ದಳು. ಈ ಊರು ಬಿಟ್ಟರೆ ಶಾಲೆಯೂ ಹೋಯಿತು, ಗೆಳತಿಯೂ ಹೋದಳು.

ಗುರುಬಸಪ್ಪ ಟ್ಯೂನಾ ಎಂದ ಈ ಮನೆ ಪೀಟರ್ಸನ್ ಎಂಬ ಮುದುಕನದು. ಹೆಂಡತಿ ತೀರಿಕೊಂಡಿದ್ದಳು, ತಾನು ಕೆಳಗಡೆ ಇದ್ದುಕೊಂಡು ಮಾಳಿಗೆಯನ್ನು ಬಾಡಿಗೆಗೆ ಕೊಡುವವನು. ಹುಟ್ಟಿದ್ದು ಉತ್ತರದ ಕಡಲ ತೀರದಲ್ಲಿ, ಮೀನುಗಾರನ ಮಗ. ನೌಕರಿಗಾಗಿ ಸಮುದ್ರದ ವಾಸನೆಯೂ ಬಾರದ ಈ ದಕ್ಷಿಣಕ್ಕೆ ಬಂದು ಇಲ್ಲೇ ಮುದುಕನಾಗಿದ್ದ. ಆದರೂ ಅಂಗಳದಲ್ಲಿ, ಸೇಬಿನ ಗಿಡದ ಕೆಳಗೆ, ಟ್ರೇಲರಿನ ಮೇಲೆ ಒಂದು ಪುಟ್ಟ ಮೋಟಾರು ದೋಣಿ ಟಾರ್ಪಾಲಿನ್ ಹೊದ್ದು ಕೂತಿತ್ತು. ಅವನು ಮನೆ ನೋಡಲು ಬಂದವರ ಸಂಬಳ ಎಷ್ಟೆಂದು ಕೇಳಲಿಲ್ಲ, ಅಡುಗೆ ಏನೆಂದು ಕೇಳಲಿಲ್ಲ. ಕೇಳಿದ್ದು ಒಂದೇ ಪ್ರಶ್ನೆ: "ಮೀನಿನ ವಿಷಯದಲ್ಲಿ ನಿಮ್ಮ ಅಭಿಪ್ರಾಯವೇನು?"

ಮುಂದಿದ್ದ ಡಾಕ್ಟರ ದಂಪತಿ, ಮೀನು ಆರೋಗ್ಯಕ್ಕೆ ಒಳ್ಳೆಯದೆಂದರು. ಮುದುಕ ಮುಖ ಸಿಂಡರಿಸಿದ. ಗುರುಬಸಪ್ಪನ ಸರದಿ ಬಂತು. ಗೋಡೆಯ ಮೇಲೊಂದು ಹಳೆಯ ಫೋಟೋ ಕಂಡಿತು. ಅದರಲ್ಲಿ ಒಬ್ಬ ದಾಂಡಿಗ, ಅವನ ಪಕ್ಕದಲ್ಲಿ ಹಗ್ಗಕ್ಕೆ ನೇತುಬಿದ್ದ, ಅವನಿಗಿಂತ ಉದ್ದದ ಮೀನು, ಕೆಳಗೆ ಅದರ ಹೆಸರು. ಮುಂದಿನದು ಆಗಲೇ ಹೇಳಿದೆ. ಕಿವಿ ಕೆಂಪಾದವು, ಎಡಗೈ ಗುಂಡಿಗೆ ಹೋಯಿತು. ಪೀಟರ್ಸನ್ನನಿಗೆ ಅದು ಉತ್ಸಾಹದ ಕೆಂಪಾಗಿ ಕಂಡಿತು. ಫೋಟೋದಲ್ಲಿರುವವನು ನನ್ನಪ್ಪ, ನಾನು ಚಿಕ್ಕವನಿದ್ದಾಗ ಈ ಮೀನು ನಮ್ಮ ಕಡಲಿನಿಂದ ಮಾಯವಾಯಿತು, ಈಗ ಮತ್ತೆ ಬರುತ್ತಿದೆ ಎನ್ನುತ್ತಾರೆ, ಸಾಯುವುದರೊಳಗೆ ಒಮ್ಮೆ ನೋಡಬೇಕು ಎಂದ. ಉಳಿದವರನ್ನೆಲ್ಲ ಕಳಿಸಿ ಇವನೊಬ್ಬನನ್ನು ಹಿತ್ತಲಿಗೆ ಕರೆದುಕೊಂಡು ಹೋದ.

ಹಿತ್ತಲಲ್ಲಿ ಬೀರುವಿನಂಥ ತಗಡಿನ ಪೆಟ್ಟಿಗೆಯೊಂದು ಹೊಗೆ ಉಗುಳುತ್ತಿತ್ತು. ಒಳಗೆ ಬಂಗುಡೆ ಮೀನುಗಳು ಸಾಲಾಗಿ ನೇತಾಡುತ್ತಿದ್ದವು. ಪ್ರತಿ ಶನಿವಾರ ಹೀಗೆ ಮೀನಿಗೆ ಹೊಗೆ ಹಾಕುವುದು ಪೀಟರ್ಸನ್ನನ ವ್ರತ. ಗುರುಬಸಪ್ಪ ಆ ಹೊಗೆಯಲ್ಲಿ ಕಣ್ಣು ಮೂಗು ಸುರಿಸುತ್ತ ಕೂತು "ವುಂಡರ್‌ಬಾರ್" ಅಂದ. ಬಹಳ ಚೆನ್ನಾಗಿದೆ ಅನ್ನಲು ಅವನಿಗೆ ಬರುತ್ತಿದ್ದ ಜರ್ಮನ್ ಅಷ್ಟೇ. ಮುದುಕ ಕರಗಿಹೋದ. ಮನೆಯ ವಿಷಯ ನಿಧಾನವಾಗಿ ಯೋಚಿಸಿ ಹೇಳುತ್ತೇನೆ, ಮುಂದಿನ ಶನಿವಾರವೂ ಬಾ ಎಂದು ಕಾಗದದಲ್ಲಿ ಸುತ್ತಿದ ಬಿಸಿಬಿಸಿ ಮೀನಿನ ಪೊಟ್ಟಣವನ್ನು ಕೈಗಿಟ್ಟು ಕಳಿಸಿದ.

"ಏನ್ ಹೇಳಿ ಬಂದೀರಿ?" ಎಂದಳು ರಚನಾ, ಪೊಟ್ಟಣವನ್ನು ಬಾಗಿಲ ಹೊರಗೇ ತಡೆದು. "ನಿಮಗ ಮೀನಿನ ತಲಿ ಯಾವುದು ಬಾಲ ಯಾವುದು ಗೊತ್ತೈತೇನ್ರಿ?"

"ಮನಿ ಭಾಳ ಛಲೋ ಐತಿ," ಎಂದ ಗುರುಬಸಪ್ಪ. "ಮೇಘಾನ ಸಾಲಿ ಎದುರಿಗೇ ಐತಿ."

ಶಾಲೆಯ ಹೆಸರು ಕೇಳಿದ್ದೇ ರಚನಾಳ ಸಿಟ್ಟು ಅರ್ಧಕ್ಕೆ ಇಳಿಯಿತು.

ಆದರೆ ಪೊಟ್ಟಣದ್ದೇನು? ಅನ್ನ ಎಸೆಯಬಾರದೆಂದು ಗುರುಬಸಪ್ಪನಿಗೆ ಮನೆಯಲ್ಲಿ ಕಲಿಸಿದ್ದರು, ಮೀನು ಅನ್ನವೋ ಅಲ್ಲವೋ ಎಂದು ಕಲಿಸಿರಲಿಲ್ಲ. ಎಸೆಯೋಣವೆಂದರೆ ಕೆಳಮನೆಯ ಹೆಂಗಸು ಯಾರು ಯಾವ ಕಸದ ಡಬ್ಬಿಗೆ ಏನು ಹಾಕಿದರೆಂದು ದಿನಾ ಮುಚ್ಚಳ ತೆಗೆದು ತನಿಖೆ ಮಾಡುತ್ತಿದ್ದಳು. ಕೊನೆಗೆ ಅವನು ಕನ್ನಡ ಕೂಟದ ಅಧ್ಯಕ್ಷ ಮಹೇಶಕುಮಾರನಿಗೆ ಫೋನು ಮಾಡಿ, ಇದನ್ನು ತಿನ್ನುವವರು ನಿಮಗೆ ಯಾರಾದರೂ ಗೊತ್ತೇ ಎಂದು ಕೇಳಿದ. ಮಹೇಶಕುಮಾರ ಮೈಸೂರಿನವನು. ಕೂಟದ ಊಟಕ್ಕೆ ಮೊಟ್ಟೆ ಹಾಕಿದ ಕೇಕನ್ನೂ ಸೇರಿಸದ ಕಟ್ಟುನಿಟ್ಟಿನ ಮನುಷ್ಯ.

"ನಾವಂತೂ ಪ್ಯೂರ್ ವೆಜ್ ಗುರುಬಸಪ್ಪನವರೇ," ಎಂದ ಅವನು. ಫೋನಿನಾಚೆ ಬಾಗಿಲು ಮುಚ್ಚಿದ ಸದ್ದಾಯಿತು. "ಆದ್ರೆ ನಮ್ಮ ಬಿಲ್ಡಿಂಗ್ ಹಿಂದೆ ಒಂದು ಬೆಕ್ಕು ಬರತ್ತೆ, ಪಾಪ. ಅದಕ್ಕೆ ಹಾಕ್ತೀನಿ, ಇವತ್ತೇ ತಂದ್ಬಿಡಿ."

ಮರುದಿನ ಅವನೇ ಫೋನು ಮಾಡಿದ. ಬೆಕ್ಕಿಗೆ ತುಂಬ ಹಿಡಿಸಿತಂತೆ. ಒಂಚೂರು ನಿಂಬೆಹಣ್ಣು ಹಿಂಡಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು ಅನ್ನುವ ಹಾಗೆ ನೋಡಿತಂತೆ.

ಪ್ರಾಣಿದಯೆ ಎಂಬುದು ಅಂಟುರೋಗ. ಮುಂದಿನ ಶನಿವಾರದ ಪೊಟ್ಟಣಕ್ಕೆ ಕೂಟದ ಡಾಕ್ಟರು ವೇದಾ ಅವರಿಂದ ಬೇಡಿಕೆ ಬಂತು. ದಶಕಗಳಿಂದ ಇಲ್ಲೇ ನೆಲೆಸಿದವರು, ಏಕಾದಶಿ ಬಿಡದವರು. ಅವರ ಬಾಲ್ಕನಿಗೂ ಒಂದು ಬೆಕ್ಕು ಬರಲು ಶುರುವಾಗಿತ್ತು. ಮೂರನೇ ಮಹಡಿಯ ಬಾಲ್ಕನಿಗೆ ಅದು ಹೇಗೆ ಏರುತ್ತಿತ್ತೋ ಗುರುಬಸಪ್ಪ ಕೇಳಲಿಲ್ಲ. ಆಮೇಲೆ ಖಜಾಂಚಿಯ ಮನೆಯ ಬೆಕ್ಕು, ಭಜನಾ ಮಂಡಳಿಯ ಬೆಕ್ಕು. ಆ ಬೇಸಿಗೆಯಲ್ಲಿ ಆ ಪ್ರಾಂತದ ಸಸ್ಯಾಹಾರಿ ಕನ್ನಡಿಗರಲ್ಲಿ ಬೆಕ್ಕಿಲ್ಲದ ಮನೆಯೇ ಇರಲಿಲ್ಲ.

ಹೀಗಿರುವಾಗ ಪೀಟರ್ಸನ್ ಬಾಂಬು ಹಾಕಿದ. ಬೇಸಿಗೆಯ ಕೊನೆಗೆ ದೋಣಿ ತೆಗೆದುಕೊಂಡು ಉತ್ತರಕ್ಕೆ ಹೋಗುತ್ತೇನೆ, ನೀನೂ ಬರಬೇಕು. ಮನುಷ್ಯನನ್ನು ಅಳೆಯುವುದು ದೋಣಿಯಲ್ಲಿ ಮಾತ್ರ ಸಾಧ್ಯ. ವಾಪಸು ಬಂದ ಮೇಲೆ ಮನೆ ಯಾರಿಗೆಂದು ಹೇಳುತ್ತೇನೆ.

ಸುದ್ದಿ ಹಬ್ಬಿತು. ಮೇಘಾ ಜರ್ಮನ್‌ನಲ್ಲಿ ಒಂದೇ ಮಾತು ಹೇಳಿದಳು, ಅಪ್ಪನಿಗೆ ಈಜು ಬರುವುದಿಲ್ಲ ಎಂದು. ಮಹೇಶಕುಮಾರ ಕೂಟದ ಗೌರವದ ಪ್ರಶ್ನೆ ಎತ್ತಿ ಅರ್ಧ ಗಂಟೆ ಬುದ್ಧಿ ಹೇಳಿದ, ಹೋಗುವಾಗ ಬಾಗಿಲಲ್ಲಿ ನಿಂತು, ಟ್ಯೂನಾ ಸಿಕ್ಕರೆ ಬೆಕ್ಕನ್ನು ಮರೆಯಬೇಡಿ ಎಂದು ದನಿ ತಗ್ಗಿಸಿದ. ವೇದಾ ಅವರ ಬೆಕ್ಕಿಗೆ ಹೊಟ್ಟೆಯ ಭಾಗವೇ ಆಗಬೇಕಂತೆ, ಅದು ಮೆತ್ತಗಿರುತ್ತದಂತೆ. ಗದಗಿನಿಂದ ತಾಯಿ ಗಂಗವ್ವ ವಿಡಿಯೋ ಕಾಲಿನಲ್ಲಿ ಎಲ್ಲವನ್ನೂ ಕೇಳಿಸಿಕೊಂಡಳು. ಈಗ ಮಂಗಳಾರತಿ ಆಗುತ್ತದೆಂದು ಗುರುಬಸಪ್ಪ ತಲೆ ತಗ್ಗಿಸಿದ.

"ಮನಿ ಸಿಗತೈತಿ ಅಂದ್ರ ಹೋಗು," ಎಂದಳು ಗಂಗವ್ವ. "ಹಿಡದ್ರ ಹಿಡಿ, ತಿನ್ನಬ್ಯಾಡ. ಮತ್ತ ಸ್ವೆಟರ್ ಹಾಕ್ಕೋ."

ಹೊರಡುವ ದಿನ ರಚನಾ ಪೂಜೆಯ ಬುಟ್ಟಿ ಹಿಡಿದು ಪೀಟರ್ಸನ್ನನ ಅಂಗಳಕ್ಕೆ ಬಂದಳು. ಪೂಜೆಯಿಲ್ಲದ ವಾಹನದಲ್ಲಿ ಗಂಡನನ್ನು ಸಮುದ್ರಕ್ಕೆ ಬಿಡುವವಳಲ್ಲ ಅವಳು. ದೋಣಿಗೆ ವಿಭೂತಿ ಕುಂಕುಮ ಹಚ್ಚಿದಳು, ಟ್ರೇಲರಿನ ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟಳು, ದೋಣಿಯ ಮೂತಿಗೂ ಒಂದು ನಿಂಬೆಹಣ್ಣು ಕಟ್ಟಿದಳು. ಪಕ್ಕದ ಮನೆಯವರು ಬೇಲಿಗೆ ಬಂದು ನಿಂತರು. ದೃಷ್ಟಿ ತಾಕದಿರಲಿ ಅಂತ ಎಂದು ಗುರುಬಸಪ್ಪ ನಾಚಿಕೆಯಿಂದ ಅರ್ಥ ಹೇಳಿದ. ಪೀಟರ್ಸನ್ ನಗಲಿಲ್ಲ. ಟೋಪಿ ತೆಗೆದು ಎದೆಗಿಟ್ಟುಕೊಂಡು ನಿಂತ. ಕಡಲಿನವರಿಗೆ ಇದೆಲ್ಲ ವಿವರಿಸಿ ಹೇಳಬೇಕಾಗಿಲ್ಲ.

ಆದರೆ ನೈವೇದ್ಯಕ್ಕೆಂದು ಅವಳು ಬಾಳೆಹಣ್ಣಿನ ಚಿಪ್ಪು ತೆಗೆದಳು ನೋಡಿ, ಮುದುಕನ ಮುಖ ಬಿಳಿಚಿಕೊಂಡಿತು. ಮೀನಿನ ದೋಣಿಯಲ್ಲಿ ಬಾಳೆಹಣ್ಣು ಇರಕೂಡದು. ಇದ್ದರೆ ಮೀನು ಹತ್ತಿರ ಸುಳಿಯುವುದಿಲ್ಲ, ಎಂಜಿನ್ನು ಕೆಡುತ್ತದೆ, ಜನ ಮುಳುಗುತ್ತಾರೆ. ತನ್ನ ತಾತನ ಕಾಲದಿಂದ ಇದು ಗೊತ್ತಿರುವ ಸತ್ಯ ಎಂದ. ದೇವರ ಪ್ರಸಾದ ಮನುಷ್ಯನನ್ನು ಮುಳುಗಿಸುತ್ತದೆಯೇ ಎಂದು ರಚನಾ ಕನ್ನಡದಲ್ಲೇ ಕೇಳಿದಳು. ಕೊನೆಗೆ ನಿಂಬೆಹಣ್ಣು ಒಳಗೆ, ಬಾಳೆಹಣ್ಣು ಹೊರಗೆ ಎಂದು ಎರಡು ಸಂಸ್ಕೃತಿಗಳ ನಡುವೆ ಒಪ್ಪಂದವಾಯಿತು.

ಒಪ್ಪಂದವನ್ನು ರಚನಾ ಅಂಗಳದಲ್ಲೇ ಮುರಿದಳು. ಆ ನಡುನೀರಿನಲ್ಲಿ ತನ್ನ ಗಂಡ ಮೀನು ತಿನ್ನುವವನಲ್ಲ, ಉಪವಾಸ ಸಾಯಬೇಕೇ? ರೊಟ್ಟಿ, ಶೇಂಗಾ ಚಟ್ನಿಯ ಕೆಳಗೆ, ಟವೆಲ್ಲಿನಲ್ಲಿ ಸುತ್ತಿ, ಇಡೀ ಚಿಪ್ಪನ್ನು ಅವನ ಚೀಲದ ತಳಕ್ಕೆ ಸೇರಿಸಿದಳು.

ದೋಣಿ ಎಳೆದುಕೊಂಡು ಆಟೋಬಾನ್ ಹೆದ್ದಾರಿಯ ಉದ್ದಕ್ಕೂ ಆಮೆಯ ನಡಿಗೆಯಲ್ಲಿ ಹೋದರು. ಲಾರಿಗಳೂ ಹಿಂದಿಕ್ಕಿ ಹಾರ್ನ್ ಹೊಡೆದವು. ಮರುದಿನ ಬೆಳಗಾಗುತ್ತಲೇ ಉತ್ತರ ಸಮುದ್ರಕ್ಕೆ ದೋಣಿ ಇಳಿಯಿತು. ತೀರ ಕಣ್ಣಿಗೆ ಕಾಣದಷ್ಟು ದೂರ ಹೋದ ಮೇಲೆ ಪೀಟರ್ಸನ್ ಎಂಜಿನ್ ನಿಲ್ಲಿಸಿ ಹೊಸ ವಿಷಯವೊಂದನ್ನು ಹೇಳಿದ. ಟ್ಯೂನಾ ಹಿಡಿಯಲು ನಮಗೆ ಅನುಮತಿ ಇಲ್ಲ. ನಾವು ಬಂದಿರುವುದು ಬಂಗುಡೆಗೆ. ಟ್ಯೂನಾ ತಾನಾಗಿಯೇ ಬಂದು ಗಾಳ ಕಚ್ಚಿದರೆ ಆ ಕ್ಷಣವೇ ಬಿಟ್ಟುಬಿಡಬೇಕು. ನನಗೆ ಬೇಕಾಗಿರುವುದು ಕಣ್ಣಿಗೆ ಕಾಣುವುದಷ್ಟೇ.

ಗುರುಬಸಪ್ಪನಿಗೆ ಪರಮಾನಂದವಾಯಿತು. ಊರಿನ ಬೆಕ್ಕುಗಳ ಗತಿ ಏನೆಂದು ಒಂದು ಗಳಿಗೆ ಚಿಂತೆಯೂ ಆಯಿತು. ಅಷ್ಟರಲ್ಲಿ ಅಲೆಗಳು ದೋಣಿಯನ್ನು ಮೊರದಲ್ಲಿ ಅಕ್ಕಿ ಕೇರಿದ ಹಾಗೆ ಕೇರತೊಡಗಿದವು. ಅವನು ಹಿಂದಿನ ಮೂಲೆಗೆ ಹೋಗಿ ಬೆಳಗ್ಗೆ ತಿಂದ ರೊಟ್ಟಿ ಚಟ್ನಿಯನ್ನು ಸಮುದ್ರಕ್ಕೆ ಒಪ್ಪಿಸಿದ.

ಬಿಸಿಲು ನೆತ್ತಿಗೆ ಬಂತು, ಒಂದು ಬಂಗುಡೆಯೂ ಇಲ್ಲ. ಎಂಜಿನ್ನು ಎರಡು ಸಲ ಕೆಮ್ಮಿ ಹೇಗೋ ಸುಧಾರಿಸಿಕೊಂಡಿತು. ಪೀಟರ್ಸನ್ ಗಾಳಿಯನ್ನು ಮೂಸಿದ. ನಿಧಾನವಾಗಿ ತಿರುಗಿ, ಈ ದೋಣಿಯಲ್ಲಿ ಎಲ್ಲಾದರೂ ಬಾಳೆಹಣ್ಣು ಇದೆಯೇ ಎಂದು ಕೇಳಿದ.

ಇಲ್ಲ ಎಂದ ಗುರುಬಸಪ್ಪ. ಹೇಳುತ್ತಲೇ ರಚನಾಳ ನೆನಪಾಗಿ ಚೀಲಕ್ಕೆ ಕೈಹಾಕಿದವನಿಗೆ ಟವೆಲ್ಲಿನ ಕೆಳಗೆ ಮೆತ್ತಗೆ ಸಿಕ್ಕಿತು. ಸಮುದ್ರಕ್ಕೆ ಎಸೆಯೋಣವೆಂದರೆ ಹಳದಿ ಹಣ್ಣು ತೇಲಿ ಮುದುಕನ ಕಣ್ಣಿಗೇ ಬೀಳುತ್ತದೆ. ಉಳಿದ ದಾರಿ ಒಂದೇ. ಪೀಟರ್ಸನ್ ಬೆನ್ನು ಹಾಕಿ ದುರ್ಬೀನು ಹಿಡಿದಾಗಲೆಲ್ಲ ಒಂದೊಂದನ್ನು ಸುಲಿದು, ಅಗಿಯಲೂ ಪುರುಸೊತ್ತಿಲ್ಲದೆ ನುಂಗಿ, ಸಿಪ್ಪೆಯನ್ನು ಜಾಕೆಟ್ಟಿನ ಜೇಬಿಗೆ ತುರುಕಿದ. ವಾಂತಿಯಾದ ಹೊಟ್ಟೆಗೆ ಒಂದಿಡೀ ಚಿಪ್ಪು ಬಾಳೆಹಣ್ಣು ಇಳಿಸುವುದು ಸಾಮಾನ್ಯ ಸಾಧನೆಯಲ್ಲ. ಮನೆ ಸಿಗಲಿ, ಮಗಳ ಶಾಲೆ ಉಳಿಯಲಿ ಎಂದು ಒಂದೊಂದು ತುತ್ತಿಗೂ ಬೇಡಿಕೊಂಡೇ ನುಂಗಿದ.

ಕೊನೆಯ ಹಣ್ಣು ಗಂಟಲಿನಲ್ಲಿ ಇಳಿಯಿತೋ ಇಲ್ಲವೋ, ಎದುರಿನ ನೀರು ಕುದಿಯತೊಡಗಿತು. ಸಣ್ಣ ಮೀನುಗಳು ಚಿಲ್ಲನೆ ಚಿಮ್ಮಿದವು, ಅವುಗಳ ಹಿಂದೆಯೇ ಎತ್ತಿನ ಗಾತ್ರದ ಒಂದು ಟ್ಯೂನಾ ನೀರು ಸೀಳಿಕೊಂಡು ಇಡೀ ಮೈಯನ್ನು ಗಾಳಿಗೆ ಎತ್ತಿ, ಬಿಸಿಲಿನಲ್ಲಿ ಒಮ್ಮೆ ಹೊಳೆದು, ದಢಾರನೆ ಬಿತ್ತು. ಪೀಟರ್ಸನ್ ಬಾಯಿ ತೆರೆದುಕೊಂಡು ನಿಂತ. ಅವನ ಗಡ್ಡದೊಳಗೆ ಕಣ್ಣೀರು ಇಳಿಯುತ್ತಿತ್ತು. ಅಪ್ಪ, ಅಪ್ಪ ಎಂದು ಮಗುವಿನಂತೆ ಎರಡು ಸಲ ಅಂದ.

ಆಗಲೇ ಗಾಳದ ಕೋಲು ಬಿಲ್ಲಿನಂತೆ ಬಾಗಿತು. ಆಗಷ್ಟೇ ಗಾಳಕ್ಕೆ ಬಿದ್ದಿದ್ದ ಬಂಗುಡೆಯನ್ನು ಯಾರೋ ಇಡಿಯಾಗಿ ನುಂಗಿದ್ದರು. ಪೀಟರ್ಸನ್ ಚುಕ್ಕಾಣಿಗೆ ಓಡುತ್ತ ಕೋಲನ್ನು ಗುರುಬಸಪ್ಪನ ಕೈಗೆ ತುರುಕಿದ. ಟ್ಯೂನಾ ಹಿಡಿಯುವವನು ನೀನು, ದಾರ ಕತ್ತರಿಸುವ ಮೊದಲು ಒಂದೇ ಒಂದು ಗಳಿಗೆ ಹಿಡಿದಿರು, ಹತ್ತಿರದಿಂದ ನೋಡುತ್ತೇನೆ ಎಂದ. ಗುರುಬಸಪ್ಪ ಎರಡೂ ಕೈಯಲ್ಲಿ ಕೋಲನ್ನು ತಬ್ಬಿಕೊಂಡು, ಹಿಮ್ಮಡಿ ಊರಿ, ಕಣ್ಣು ಮುಚ್ಚಿ ನಿಂತ. ಯಾರು ಯಾರನ್ನು ಹಿಡಿದಿದ್ದಾರೆಂದು ಹೇಳುವುದು ಕಷ್ಟವಿತ್ತು.

ಅಷ್ಟರಲ್ಲಿ ಪಕ್ಕದಲ್ಲೊಂದು ನೀಲಿ ದೋಣಿ ಬಂದು ನಿಂತಿತು. ಜಲಪೊಲೀಸರು. ಅಧಿಕಾರಿಣಿಯೊಬ್ಬಳು ಬಗ್ಗಿ ನೋಡಿ, ದಾರದ ತುದಿಯಲ್ಲಿ ಏನಿದೆ, ಮೀನು ಹಿಡಿಯುವ ಪರವಾನಗಿ ಎಲ್ಲಿ ಎಂದು ಶಾಂತವಾಗಿ ಕೇಳಿದಳು.

ಯೂನಿಫಾರ್ಮ್ ಕಂಡರೆ ಗುರುಬಸಪ್ಪನಿಗೆ ಹುಟ್ಟಿನಿಂದ ಬಂದ ಒಂದು ಕಾಯಿಲೆ. ಕೇಳಿದ್ದಕ್ಕಷ್ಟೇ ಉತ್ತರ ಕೊಡಲು ಬರುವುದಿಲ್ಲ, ಇರುವುದೆಲ್ಲ ಹೊರಗೆ ಬಂದುಬಿಡುತ್ತದೆ. ಕೋಲು ಬಿಟ್ಟು ಎರಡೂ ಕೈ ಜೋಡಿಸಿದ. ಕೋಲು ದೋಣಿಯ ಅಂಚಿಗೆ ಬಡಿಯಿತು, ದಾರ ಟಪ್ಪೆಂದು ಹರಿಯಿತು, ಮೀನು ತನ್ನ ದಾರಿ ಹಿಡಿಯಿತು. ಗುರುಬಸಪ್ಪ ನಿಲ್ಲಲಿಲ್ಲ. ರೆಸಿಡೆನ್ಸ್ ಕಾರ್ಡು, ಆರೋಗ್ಯ ವಿಮೆಯ ಕಾರ್ಡು, ಲೈಬ್ರರಿ ಕಾರ್ಡು ಎಲ್ಲವನ್ನೂ ಜೇಬಿನಿಂದ ತೆಗೆದ, ಜೊತೆಗೆ ಬಾಳೆಹಣ್ಣಿನ ಸಿಪ್ಪೆಗಳೂ ಬಂದವು. ಪರವಾನಗಿ ಇಲ್ಲ ಮೇಡಂ ಎಂದ. ನಾನು ಮೀನು ತಿನ್ನುವವನೇ ಅಲ್ಲ. ಜೀವಮಾನದಲ್ಲಿ ಗಾಳ ಮುಟ್ಟಿದವನಲ್ಲ. ಮನೆ ಬೇಕಾಗಿತ್ತು, ಅದಕ್ಕೆ ಸುಳ್ಳು ಹೇಳಿದೆ. ಬಾಳೆಹಣ್ಣೂ ಇತ್ತು, ಅದಕ್ಕೂ ಸುಳ್ಳು ಹೇಳಿದೆ. ಮಗಳಿಗೆ ಈ ಊರಿನಲ್ಲಿ ಒಬ್ಬಳೇ ಗೆಳತಿ.

ಅಧಿಕಾರಿಣಿ ಸಿಪ್ಪೆಗಳನ್ನು ನೋಡಿದಳು, ಮೂತಿಗೆ ಕಟ್ಟಿದ ನಿಂಬೆಹಣ್ಣನ್ನು ನೋಡಿದಳು, ಪೀಟರ್ಸನ್ನನನ್ನು ನೋಡಿದಳು. ಈತ ಮೀನು ಹಿಡಿಯುತ್ತಿದ್ದನೇ ಎಂದು ಕೇಳಿದಳು.

ಮುದುಕ ಬಿದ್ದಿದ್ದ ಕೋಲನ್ನು ಎತ್ತಿ ಕೈಯಲ್ಲಿ ಹಿಡಿದುಕೊಂಡ. "ಇವನೇ? ಇವನು ಸಸ್ಯಾಹಾರಿ," ಎಂದ. "ಕೇಳಿದಿರಲ್ಲ. ಗಾಳ ನನ್ನದು, ಪರವಾನಗಿಯೂ ನನ್ನ ಹತ್ತಿರ ಇದೆ. ಎರಡು ನಿಮಿಷ ಕೋಲು ಹಿಡಿದುಕೋ ಎಂದಿದ್ದೆ, ಅದೂ ಅವನಿಗೆ ಬರಲಿಲ್ಲ."

ದಾರದ ತುದಿಯಲ್ಲಿ ಮೀನಿರಲಿಲ್ಲ. ಜೇಬು ತುಂಬ ಬಾಳೆಸಿಪ್ಪೆ ಇಟ್ಟುಕೊಂಡು ಕೈ ಮುಗಿಯುವ ಸಸ್ಯಾಹಾರಿಯ ಮೇಲೆ ಯಾವ ಕಾಯಿದೆ ಹಚ್ಚಬೇಕೆಂದು ಆ ಹೆಂಗಸಿಗೆ ಹೊಳೆಯಲಿಲ್ಲ. ಎಚ್ಚರಿಕೆ ಹೇಳಿ, ನಗು ತಡೆದುಕೊಂಡು ಹೊರಟುಹೋದಳು.

ವಾಪಸು ಬರುವಾಗ ಪೀಟರ್ಸನ್ ಬೆನ್ನು ಹಾಕಿ ಚುಕ್ಕಾಣಿ ಹಿಡಿದು ಕೂತ. ಮನೆ ಹೋಯಿತು ಎಂದು ಗುರುಬಸಪ್ಪನಿಗೆ ಖಾತ್ರಿಯಾಯಿತು. ಮೇಘಾಳ ಮುಖ ಕಣ್ಣ ಮುಂದೆ ಬಂದು ನಿಜಕ್ಕೂ ಅಳು ಬಂತು. ತೀರ ಕಾಣುವ ಹೊತ್ತಿಗೆ ಮುದುಕ ಬಾಯಿಬಿಟ್ಟ, ನಾನು ಕೊಟ್ಟ ಮೀನೆಲ್ಲ ಏನಾಯಿತು ಎಂದು ಕೇಳಿದ.

ಬೆಕ್ಕುಗಳು ತಿಂದವು ಎಂದ ಗುರುಬಸಪ್ಪ. ಈ ಸಲ ಸುಳ್ಳು ಹೇಳುತ್ತಿಲ್ಲ ಎಂದೇ ಅವನು ತಿಳಿದಿದ್ದ.

ಪೀಟರ್ಸನ್ ಎಂಜಿನ್ ನಿಲ್ಲಿಸಿದ. "ನನ್ನ ಹಿಂದಿನ ಬಾಡಿಗೆಯವರು ಮೀನು ತಿನ್ನುವವರು," ಎಂದ. "ನಾನು ಹೊಗೆ ಹಾಕಿದಾಗಲೆಲ್ಲ ಮೇಲಿನ ಕಿಟಕಿಗಳನ್ನು ಒಂದೊಂದಾಗಿ ದಢಾರ್ ಎಂದು ಮುಚ್ಚುತ್ತಿದ್ದರು. ಆಮೇಲೆ ವಕೀಲನ ಹತ್ತಿರ ಹೋದರು. ಹೆಂಡತಿ ಸತ್ತ ಮೇಲೆ ಆ ಮನೆಯಲ್ಲಿ ನಾನು ಕೇಳಿದ ಸದ್ದು ಅದೊಂದೇ. ನೀನು ತಿನ್ನದವನು. ಅಷ್ಟು ಶನಿವಾರ ಕಣ್ಣಲ್ಲಿ ನೀರು ಸುರಿಸಿಕೊಂಡು ನನ್ನ ಹೊಗೆಯಲ್ಲಿ ಕೂತೆ. ಮಾಳಿಗೆಯ ಮೇಲೆ ನನಗೆ ಯಾರು ಬೇಕು, ನೀನೇ ಹೇಳು."

ಗುರುಬಸಪ್ಪ ಹೇಗೋ ಧೈರ್ಯ ಮಾಡಿ, ನಮ್ಮ ಮನೆಯಲ್ಲೂ ಒಗ್ಗರಣೆಯ ಘಾಟು ಇರುತ್ತದೆ, ಇಂಗು, ಬೆಳ್ಳುಳ್ಳಿ, ಬ್ಯಾಡಗಿ ಮೆಣಸಿನಕಾಯಿ ಎಂದ. ಇನ್ನು ಮುಚ್ಚಿಡುವುದಕ್ಕೆ ಅವನಲ್ಲಿ ಏನೂ ಉಳಿದಿರಲಿಲ್ಲ. ಶನಿವಾರ ನನ್ನ ಹೊಗೆ, ಭಾನುವಾರ ನಿನ್ನ ಘಾಟು, ಇಬ್ಬರೂ ಕಿಟಕಿ ಮುಚ್ಚುವ ಹಾಗಿಲ್ಲ ಎಂದ ಪೀಟರ್ಸನ್. ಆಮೇಲೆ ಮೂತಿಯಲ್ಲಿ ಅಲ್ಲಾಡುತ್ತಿದ್ದ ನಿಂಬೆಹಣ್ಣನ್ನು ನೋಡಿ, ಒಂದಿಡೀ ಚಿಪ್ಪು ಬಾಳೆಹಣ್ಣಿದ್ದೂ ಮುಳುಗಲಿಲ್ಲವಲ್ಲ, ನಿನ್ನ ಹೆಂಡತಿಯ ನಿಂಬೆಹಣ್ಣು ಗಟ್ಟಿ ಎಂದು ಟೋಪಿ ಮುಟ್ಟಿಕೊಂಡ.

ಗೃಹಪ್ರವೇಶ ಒಂದು ಶನಿವಾರವೇ ಆಯಿತು. ರಚನಾ ಹಾಲು ಉಕ್ಕಿಸಿದಳು. ಮೇಘಾ ಎದುರಿನ ಶಾಲೆಯ ಗೆಳತಿಯನ್ನು ಕರೆತಂದು ಕೋಣೆ ಕೋಣೆ ತೋರಿಸಿದಳು. ಗಂಗವ್ವ ಫೋನಿನೊಳಗಿಂದಲೇ ಬಾಗಿಲಿಗೆ ತೋರಣ ಸೊಟ್ಟ ಕಟ್ಟಿದ್ದೀರೆಂದಳು. ಕನ್ನಡ ಕೂಟವೆಲ್ಲ ಬಂದಿತ್ತು. ಹೋಳಿಗೆ ಊಟ ಬಡಿಸುವ ಹೊತ್ತಿಗೆ ಹಿತ್ತಲಿನ ಹೊಗೆ ಮೆಲ್ಲಗೆ ಮಾಳಿಗೆಗೆ ಏರಿತು, ಅಧ್ಯಕ್ಷರ ಮೂಗು ಅರಳಿತು. ಸ್ವಲ್ಪ ಹೊತ್ತಿಗೆ ನೋಡಿದರೆ ಪಂಕ್ತಿಯಲ್ಲಿ ಅಲ್ಲಲ್ಲಿ ಎಲೆಗಳ ಮುಂದೆ ಜನವಿಲ್ಲ.

ಗುರುಬಸಪ್ಪ ಕಿಟಕಿಯಿಂದ ಇಣುಕಿದ. ಕೆಳಗೆ ತಗಡಿನ ಪೆಟ್ಟಿಗೆಯ ಮುಂದೆ ಮಹೇಶಕುಮಾರ, ಅವನ ಹಿಂದೆ ವೇದಾ ಡಾಕ್ಟರು, ಖಜಾಂಚಿ, ಭಜನಾ ಮಂಡಳಿ, ಎಲ್ಲರೂ ಕಾಗದದ ತಟ್ಟೆ ಹಿಡಿದು ಶಿಸ್ತಾಗಿ ಸಾಲು ನಿಂತಿದ್ದರು. ಬೆಕ್ಕಿಗೆ ಎಂದು ಮಹೇಶಕುಮಾರ ಜರ್ಮನ್‌ನಲ್ಲಿ ವಿವರಿಸುತ್ತಿದ್ದ. ಪೀಟರ್ಸನ್ ದೊಡ್ಡದೊಂದು ಬಂಗುಡೆಯನ್ನು ಅವನ ತಟ್ಟೆಗೆ ಹಾಕಿ, ಅದರ ಮೇಲೆ ನಿಂಬೆಹಣ್ಣು ಹಿಂಡಿ, ಪಕ್ಕದ ಬೆಂಚು ತೋರಿಸಿದ.

"ಬೆಕ್ಕುಗಳೆಲ್ಲ ಇಲ್ಲೇ ಕೂತು ತಿನ್ನಲಿ," ಎಂದ. "ಆರಿದರೆ ರುಚಿ ಕೆಡುತ್ತದೆ."

ಮಹೇಶಕುಮಾರ ಆಚೆ ನೋಡಿದ, ಈಚೆ ನೋಡಿದ, ಮೇಲೆ ನೋಡಿದ. ಗುರುಬಸಪ್ಪನ ಕಣ್ಣಿಗೆ ಕಣ್ಣು ಸಿಕ್ಕಿತು. ಅಧ್ಯಕ್ಷರ ಮರ್ಯಾದೆಗಾಗಿ ಗುರುಬಸಪ್ಪ ಕಿಟಕಿಗೆ ಕೈ ಹಾಕಿದ, ಆಮೇಲೆ ಒಪ್ಪಂದ ನೆನಪಾಗಿ ಕೈ ತೆಗೆದ. ತಾನೇ ಬೆನ್ನು ತಿರುಗಿಸಿ ಹೋಳಿಗೆಗೆ ತುಪ್ಪ ಹಾಕಿಕೊಂಡ. ಕಿಟಕಿ ತೆರೆದೇ ಇತ್ತು.